ತಮಟೆ ಕಾಯೋ ತನಕ

ಶನಿವಾರ ರಾತ್ರಿ ಚಿಂತಾಮಣಿಯಲ್ಲಿ ಕೇಳಿದ ತಮಟೆ ಇನ್ನೂ ಎದೆಯೊಳಗೆ ಹೊಡೀತಾನೇ ಇದೆ. ಅವತ್ತು ಜನ ಬಂದಿದ್ದು ಆರ್ಕೆಸ್ಟ್ರಾಗೆ. ಅದಕ್ಕೆ ಮೊದಲು ಹದಿನೈದು ನಿಮಿಷ ತಮಟೆ ಅಂತ ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ಕುರ್ಚಿಗಳು ಅರ್ಧ ಖಾಲಿ. ನಿರೂಪಕರು ತಂಡದ ಹೆಸರನ್ನೂ ನೆಟ್ಟಗೆ ಓದಲಿಲ್ಲ. ಅಷ್ಟು ಓದೋಕೆ ಏನು ಕಷ್ಟ ಅಂತ ನನಗೆ ಸಿಟ್ಟು ಬಂತು.

ಎಂಟು ಜನ ವೇದಿಕೆ ಹತ್ತಿದರು. ಮುಂದೆ ನಿಂತವರಿಗೆ ಅರವತ್ತು ದಾಟಿರಬೇಕು. ಮೊದಲು ಅವರೊಬ್ಬರೇ ಶುರು ಮಾಡಿದರು. ಒಂದು ಕೈಲಿ ದಪ್ಪ ಕೋಲು, ಇನ್ನೊಂದರಲ್ಲಿ ಬಿದಿರಿನ ತೆಳ್ಳನೆಯ ಸೀಳು. ದಪ್ಪ ಕೋಲಿನ ಪೆಟ್ಟು ಹೊಟ್ಟೆಗೆ ಬೀಳುತ್ತಿತ್ತು, ಸೀಳಿನ ಸದ್ದು ಕಿವಿಯ ಹತ್ತಿರ ಚಟಪಟ ಅನ್ನುತ್ತಿತ್ತು. ಆಮೇಲೆ ಉಳಿದವರು ಸೇರಿದರು. ಹೆಜ್ಜೆ ಹಾಕುತ್ತಾ, ಕೂತು ಏಳುತ್ತಾ, ಸುತ್ತು ತಿರುಗುತ್ತಾ ಬಾರಿಸಿದರು. ಎಂಟೂ ಜನ ಓಡೋ ವೇಗಕ್ಕೆ ಹೋಗಿ, ಒಂದೇ ಪೆಟ್ಟಿಗೆ ಗಕ್ಕನೆ ನಿಲ್ಲೋರು. ಮತ್ತೆ ಶುರು. ಹೊರಗೆ ಪಾನಿಪುರಿ ತಿನ್ನುತ್ತಿದ್ದ ಹುಡುಗರೆಲ್ಲ ಓಡಿ ಬಂದರು. ಕೂತವರು ಎದ್ದರು. ಬಂದೋಬಸ್ತಿಗೆ ಬಂದಿದ್ದ ಪೊಲೀಸಿನವರು ಲಾಠಿಯಲ್ಲೇ ತಾಳ ಹಾಕುತ್ತಿದ್ದರು. ಆರ್ಕೆಸ್ಟ್ರಾದ ರಿದಂ ಪ್ಯಾಡ್ ಹುಡುಗ ವೇದಿಕೆಯ ಮೂಲೆಗೆ ಬಂದು ಆ ಯಜಮಾನರ ಕೈಯನ್ನೇ ನೋಡುತ್ತಾ ನಿಂತುಬಿಟ್ಟ.

ಜೋರು ಏರುತ್ತಿರೋವಾಗಲೇ ಅವರು ಕೈ ಎತ್ತಿದರು. ಎಲ್ಲಾ ನಿಂತಿತು. ಜನ 'ಒನ್ಸ್ ಮೋರ್' ಅಂತ ಕೂಗಿದರು. ಕೆಳಗಿದ್ದ ಸಂಘಟಕರೊಬ್ಬರು, "ಟೈಮಿಲ್ಲ, ಹಂಗೇ ಬಾರ್ಸಿ ಮುಗಿಸ್ರಿ" ಅಂದರು. ಯಜಮಾನರು ಮೈಕ್ ತಗೊಂಡು ಮೆಲ್ಲಗೆ ಹೇಳಿದರು: "ಮಂಜು ಬಿದ್ದು ಚರ್ಮ ಸಡಿಲ ಆಗೈತೆ. ಹಂಗೇ ಬಾರ್ಸೋಕಾಗಲ್ಲ ಸ್ವಾಮಿ. ಇದು ಕಾಯ್ಬೇಕು. ಅಲ್ಲಿಗಂಟ ನೀವೂ ಕಾಯ್ರಿ."

ಅಷ್ಟು ಹೇಳಿ ಇಳಿದು ಹೋದರು. ವೇದಿಕೆ ಪಕ್ಕದಲ್ಲಿ ಹುಲ್ಲಿಗೆ ಬೆಂಕಿ ಹಾಕಿ ಒಂದೊಂದೇ ತಮಟೆ ಹಿಡಿದು ಕಾಯಿಸಿದರು. ಬೆರಳಲ್ಲಿ ತಟ್ಟಿ ನೋಡೋದು, ಮತ್ತೆ ಬೆಂಕಿಗೆ ಹಿಡಿಯೋದು. ಅವಸರವೇ ಇಲ್ಲ. ಇಡೀ ಮೈದಾನ ಕಾದಿತು. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಗಣ್ಯರೂ ಕಾದರು. ಒಬ್ಬರೂ ಎದ್ದು ಹೋಗಲಿಲ್ಲ.

"ನೀವೂ ಕಾಯ್ರಿ." ಮನೆಗೆ ಬಂದು ಮಲಗಿದರೂ ಅದೇ ಮಾತು. ಬಸ್ಸಲ್ಲಿ ಕೂತಾಗಲೂ ಅದೇ. ನಮ್ಮ ಕಡೆ ಊರುಗಳಲ್ಲಿ ತಮಟೆಯವರಿಗೆ ಬಾರಿಸು ಅಂದಾಗ ಬಾರಿಸಬೇಕಿತ್ತು, ನಿಲ್ಲಿಸು ಅಂದಾಗ ನಿಲ್ಲಿಸಬೇಕಿತ್ತು. ಸಾವಿಗೂ ಅವರೇ, ಜಾತ್ರೆಗೂ ಅವರೇ, ಊರಲ್ಲಿ ಸಾರೋಕೂ ಅವರೇ. ಆದರೆ ದೇವಸ್ಥಾನದ ಹೊರಗೇ ನಿಲ್ಲಬೇಕು. ಮದ್ದಳೆಗೂ ಮೃದಂಗಕ್ಕೂ ಚರ್ಮವನ್ನೇ ಬಿಗಿಯೋದು, ಅಲ್ವಾ? ಮೃದಂಗದವರು ಶ್ರುತಿ ಸೇರಿಸೋವಾಗ ನಾವು ಬಾಯಿ ಮುಚ್ಚಿಕೊಂಡು ಕೂತಿರುತ್ತೇವೆ. ತಮಟೆಗೆ ಆ ಮರ್ಯಾದೆ ಯಾಕೆ ಸಿಗಲಿಲ್ಲ ಅಂದರೆ, ಅದನ್ನು ಹಿಡಿದ ಕೈ ಯಾರದ್ದು ಅಂತ ನೋಡಿದ್ದಕ್ಕೇ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಇದೇ ತಮಟೆ ಮೆರವಣಿಗೆಯ ಮುಂದೆ ಹೋರಾಟದ ಸದ್ದಾಯಿತು. 2023ರಲ್ಲಿ ನಮ್ಮದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ಬಾರಿಸಿದ್ದಕ್ಕೇ ಪದ್ಮಶ್ರೀ ಬಂತು. ಆದರೂ ಕರಪತ್ರದಲ್ಲಿ ಇನ್ನೂ ಸಣ್ಣ ಅಕ್ಷರ.

ಕಾಯಿಸಿ ಬಂದ ಮೇಲಿನ ಸದ್ದೇ ಬೇರೆ. ಮೊದಲ ಪೆಟ್ಟಿಗೇ ಮೈ ಜುಮ್ಮೆಂದಿತು. ಪಕ್ಕದ ಅಜ್ಜಿಯೊಬ್ಬರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿದರು, ನನ್ನನ್ನೂ ಎಳೆದರು. ಹದಿನೈದು ನಿಮಿಷದ ಲೆಕ್ಕ ಯಾರಿಗೂ ನೆನಪಿರಲಿಲ್ಲ. ಆಮೇಲೆ ಆರ್ಕೆಸ್ಟ್ರಾ ಚೆನ್ನಾಗಿಯೇ ಹಾಡಿತು, ಆದರೆ ನನ್ನ ಕಿವಿಗೆ ಸಪ್ಪೆ.

ಭಾನುವಾರ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು, "ತಮಟೆ ಕೇಳೋಕೂ ಕುರ್ಚಿ ಹಾಕ್ಕೊಂಡು ಕೂತಿದ್ರಾ?" ಅಂದರು. ದೊಡ್ಡಪ್ಪ ಕೆಟ್ಟವರಲ್ಲ. ಊರಲ್ಲಿ ಯಾರಿಗೆ ಹುಷಾರಿಲ್ಲ ಅಂದರೂ ಮೊದಲು ಓಡೋರು ಅವರೇ. ಅಂಥವರ ಬಾಯಲ್ಲೂ ಈ ಮಾತು ಎಷ್ಟು ಸಲೀಸಾಗಿ ಬಂತಲ್ಲ ಅಂತ ನನಗೆ ತಡೆಯೋಕಾಗಲಿಲ್ಲ. ಅಣ್ಣನ ಮದುವೆಗೆ ಬ್ಯಾಂಡ್ ಸೆಟ್ ಬೇಡ, ಆ ತಂಡವನ್ನೇ ಕರೆಸೋಣ ಅಂದೆ. ಛತ್ರದ ಹೊರಗಲ್ಲ, ಒಳಗೆ ವೇದಿಕೆ ಮೇಲೆ ಬಾರಿಸಬೇಕು. ಅವರು ಕೇಳಿದಷ್ಟು ದುಡ್ಡು ಕೊಡಬೇಕು. ಊಟ ನಮ್ಮ ಜೊತೆ, ಒಂದೇ ಪಂಕ್ತಿಯಲ್ಲಿ.

ದೊಡ್ಡಪ್ಪ ಪೇಪರ್ ಬಿಡಿಸಿದರು, ಮಾತಾಡಲಿಲ್ಲ. ಅಡುಗೆಮನೆಯಿಂದ ಅಮ್ಮ, "ಅವರ ನಂಬರ್ ಇಸ್ಕೊಂಡ್ಯೇನೇ?" ಅಂತ ಕೇಳಿದರು.

ಇಸ್ಕೊಂಡಿದ್ದೆ. ಇವತ್ತು ಫೋನ್ ಮಾಡಿ ತಾರೀಖು ಹೇಳಿದ್ದೇನೆ.