ಯಾವಾಗ ಬರ್ತದೆ ಅಂತ ಒಬ್ರೂ ಕೇಳ್ಲಿಲ್ಲ

ಮಲ್ಪೆ ಬಂದರಿನಿಂದ ಹಾಸನಕ್ಕೆ ಮೀನು ಸಾಗಿಸುವ ಪಿಕಪ್‌ನ ಚಾಲಕರೊಬ್ಬರು ಈ ವಾರ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. "ಫ್ಯಾನ್ ಶಬ್ದ ಜೋರುಂಟು ಅಂದದ್ದಕ್ಕೆ ಹೊಸ ಫ್ಯಾನ್ ಕ್ಲಚ್ಚೇ ಹಾಕಿದ್ರು. ಯಾವಾಗ ಬರ್ತದೆ ಅಂತ ಒಬ್ರೂ ಕೇಳ್ಲಿಲ್ಲ ಮಾರಾಯ್ರೆ." ಮಾತು ಎಂಜಿನ್ ತಂಪಾಗಿಡುವ ಫ್ಯಾನಿನದು. ಹೊಸ ಕ್ಲಚ್ ಹಾಕಿಸಿಕೊಂಡು ಶಿರಾಡಿ ಘಾಟಿ ಹತ್ತಿದರೆ ಮತ್ತೆ ಅದೇ ಅಬ್ಬರ.

ಯಾವಾಗ ಅಂತ ಕೇಳಿದರೆ ಅವರ ಉತ್ತರ ತಯಾರಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು, ಆಮೇಲೆ ಇಲ್ಲ. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಬಿಡದೆ. ಸಕಲೇಶಪುರ ಮುಟ್ಟಿ ರಸ್ತೆ ಸಮ ಆದರೂ ತುಂಬ ಹೊತ್ತು ನಿಲ್ಲುವುದಿಲ್ಲ. ಎ.ಸಿ. ಹಾಕಿದರೆ ಇನ್ನೂ ಬೇಗ ಶುರು. ಇಷ್ಟು ಕೇಳಿದ್ದರೆ ಕ್ಲಚ್ ಬಿಚ್ಚುವ ಅಗತ್ಯವೇ ಬೀಳುತ್ತಿರಲಿಲ್ಲ.

ಇಂಥ ಫ್ಯಾನ್ ಎಂಜಿನ್ ಜೊತೆ ನೇರವಾಗಿ ತಿರುಗುವುದಿಲ್ಲ, ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್ ಇರುತ್ತದೆ. ಕ್ಲಚ್ಚಿನ ಮುಖದಲ್ಲಿ ಸುರುಳಿ ಸುತ್ತಿದ ಲೋಹದ ಪಟ್ಟಿ ಕಾಣುತ್ತದಲ್ಲ, ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಅದು ತಿರುಚಿಕೊಂಡು ಒಳಗಿನ ಕವಾಟ ತೆರೆಯುತ್ತದೆ. ಎಣ್ಣೆ ಕೆಲಸದ ಕೋಣೆಗೆ ಹರಿದು ಹಿಡಿತ ಬರುತ್ತದೆ, ಫ್ಯಾನ್ ವೇಗ ಏರುತ್ತದೆ. ವೇಗ ಎರಡು ಪಟ್ಟಾದರೆ ಫ್ಯಾನ್ ತಿರುಗಿಸಲು ಬೇಕಾದ ಶಕ್ತಿ ಸುಮಾರು ಎಂಟು ಪಟ್ಟು. ಅಬ್ಬರ ಅಲ್ಲಿಂದ, ಡೀಸೆಲ್ ಖರ್ಚೂ ಅಲ್ಲಿಂದ.

ಬೆಳಗಿನ ಶಬ್ದಕ್ಕೆ ಹೆದರಬೇಕಾಗಿಲ್ಲ. ರಾತ್ರಿ ನಿಂತ ಗಾಡಿಯಲ್ಲಿ ಎಣ್ಣೆ ಕೆಲಸದ ಕೋಣೆಗೆ ಇಳಿದಿರುತ್ತದೆ, ಒಂದೆರಡು ನಿಮಿಷದಲ್ಲಿ ವಾಪಸು ಹೋಗುತ್ತದೆ. ಐದು ನಿಮಿಷ ಕಳೆದರೂ, ಎಂಜಿನ್ ತಣ್ಣಗಿದ್ದರೂ, ಆಕ್ಸಿಲರೇಟರ್ ಒತ್ತಿದಷ್ಟೂ ಅಬ್ಬರಿಸುತ್ತಲೇ ಇದ್ದರೆ ಆಗ ಕ್ಲಚ್ ಜಾಮ್ ಆಗಿದೆ ಅನ್ನಿ. ಕೈಯಲ್ಲೂ ನೋಡಬಹುದು. ಎಂಜಿನ್ ಬಂದ್, ಕೀ ಹೊರಗೆ, ಎಲ್ಲ ತಣ್ಣಗಾದ ಮೇಲೆ ಫ್ಯಾನ್ ತಿರುಗಿಸಿ. ಸ್ವಲ್ಪ ಬಿಗಿಯಾಗಿ ತಿರುಗಿ ನಿಂತರೆ ಸರಿ. ಅಲುಗಾಡದೇ ಇದ್ದರೆ ಜಾಮ್. ತಳ್ಳಿದ್ದೇ ಗಿರಗಿರ ಸುತ್ತಿದರೆ ಎಣ್ಣೆ ಸೋರಿದೆ, ಕ್ಲಚ್ಚಿನ ನಡುವಿನಿಂದ ಹೊರಕ್ಕೆ ಜಿಡ್ಡಿನ ಗೆರೆ ಕಂಡರೆ ಅನುಮಾನವೇ ಬೇಡ. ಫ್ಯಾನಿನ ಎಲೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಕಟಕಟ ಅಂದರೆ ಬೇರಿಂಗ್. ಸೋರಿದ ಕ್ಲಚ್ ಶಬ್ದವನ್ನೇ ಮಾಡುವುದಿಲ್ಲ, ಅದಕ್ಕೇ ಅದು ಹೆಚ್ಚು ಅಪಾಯ. ಗಾಡಿ ಶಾಂತವಾಗಿದೆ ಎಂದು ಖುಷಿಪಡುತ್ತಿರುವಾಗಲೇ ಘಾಟಿಯಲ್ಲಿ ಎಂಜಿನ್ ಬಿಸಿ ತೋರಿಸುವ ಸೂಜಿ ಕೆಂಪು ಮುಟ್ಟಿರುತ್ತದೆ.

ಈ ಗಾಡಿಯ ಕಥೆ ಬೇರೆ. ಲೋಡ್ ಗಾಡಿ ಕೆಳ ಗೇರಿನಲ್ಲಿ ಏರು ಹತ್ತುವಾಗ ಎದುರುಗಾಳಿ ಕಡಿಮೆ, ಬಿಸಿ ಜಾಸ್ತಿ, ಹಾಗಾಗಿ ಫ್ಯಾನ್ ಹಿಡಿಯುವುದು ಸರಿಯೇ. ಸಮರಸ್ತೆಗೆ ಬಂದ ಮೇಲೂ ಬಿಡದೇ ಇದ್ದದ್ದೇ ಸುಳಿವು. ಬಿಸಿ ಇಳಿಯುತ್ತಿರಲಿಲ್ಲ. ಟಾರ್ಚ್ ಹಿಡಿದು ಮುಂದಿರುವ ಎ.ಸಿ. ಕಂಡೆನ್ಸರ್ ಮತ್ತು ಅದರ ಹಿಂದಿನ ರೇಡಿಯೇಟರ್ ನಡುವೆ ಇಣುಕಿದರೆ ಕಾರಣ ಅಲ್ಲೇ ಇತ್ತು: ಮಳೆಗಾಲದ ಕೆಂಪು ಕೆಸರು ಒಣಗಿ, ಹುಳ, ಎಲೆಚೂರು, ನಾರು ಎಲ್ಲ ಸೇರಿ ಕಂಬಳಿ ಹೊದಿಸಿದಂತೆ ಕೂತಿತ್ತು. ಮುಂದಿನಿಂದ ನೋಡಿದರೆ ಜಾಲಿ ಸ್ವಚ್ಛ. ಸರ್ವೀಸ್‌ನಲ್ಲಿ ನೀರು ಹೊಡೆಯುವುದೂ ಮುಂದಿನಿಂದಲೇ, ಕಸ ಇನ್ನಷ್ಟು ಒಳಗೆ ಗಿಡಿಯುತ್ತದೆ. ತೊಳೆಯಬೇಕಾದದ್ದು ಎಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ಪೈಪಿನ ನೀರಿನಲ್ಲಿ. ಪ್ರೆಶರ್ ವಾಶರ್ ಹತ್ತಿರ ಹಿಡಿದರೆ ತೆಳು ತಗಡಿನ ಫಿನ್ ಮಡಚಿಕೊಂಡು ಗಾಳಿದಾರಿ ಖಾಯಂ ಮುಚ್ಚುತ್ತದೆ. ಬಂದರಿಗೆ ಹೋಗಿ ಬರುವ ಗಾಡಿಗೆ ಉಪ್ಪುನೀರೂ ತಾಗುವುದರಿಂದ ಇದನ್ನು ಮುಂದೆ ಹಾಕಬಾರದು. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವರ್ ಒಡೆದಿದೆಯೇ ಎಂದೂ ನೋಡಬೇಕು. ಕವರ್ ಇಲ್ಲದಿದ್ದರೆ ಫ್ಯಾನ್ ರೇಡಿಯೇಟರಿನಿಂದ ಗಾಳಿ ಎಳೆಯುವ ಬದಲು ಅಲ್ಲೇ ಇದ್ದ ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ.

ಆ ಮೆಕ್ಯಾನಿಕ್ ಕೆಲಸ ಗೊತ್ತಿಲ್ಲದವರಲ್ಲ, ಕ್ಲಚ್ ಕೂರಿಸಿದ್ದು ಅಚ್ಚುಕಟ್ಟಾಗಿತ್ತು. ಆದರೆ ಅವರು ಮಾತಾಡಿದ್ದು ದುಡ್ಡು ಕೊಡುವ ಮಾಲೀಕರ ಹತ್ತಿರ, ಅದೂ ಫೋನಿನಲ್ಲಿ. ವಾರವಿಡೀ ಆ ಶಬ್ದದ ಜೊತೆ ಕೂತು ಘಾಟಿ ಹತ್ತುವವರು ಎರಡು ಮಾರು ದೂರದಲ್ಲಿ ಚಹಾ ಹಿಡಿದು ನಿಂತಿದ್ದರು. ನಮ್ಮ ಕಡೆ ಚಾಲಕರ ಮಾತನ್ನು ದೂರು ಅಂತಲೇ ಕೇಳುತ್ತಾರೆ, ಮಾಹಿತಿ ಅಂತ ಕೇಳುವವರು ಕಡಿಮೆ. ಇದು ನನಗೆ ಸಿಟ್ಟು ತರಿಸುವ ವಿಷಯ. "ಒಬ್ರೂ ಕೇಳ್ಲಿಲ್ಲ" ಅನ್ನುವಾಗ ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅಭ್ಯಾಸವಾಗಿ ಹೋಗಿದೆ.

ಈಗ ಮಾಲೀಕರಿಗೆ ಯಾರೋ ಇನ್ನೊಂದು ಉಪಾಯ ಹೇಳಿದ್ದಾರಂತೆ, ಕ್ಲಚ್ಚಿಗೆ ಬೋಲ್ಟ್ ಹಾಕಿ ಫ್ಯಾನನ್ನು ಖಾಯಂ ಲಾಕ್ ಮಾಡುವುದು. ದಯವಿಟ್ಟು ಬೇಡ. ಆಮೇಲೆ ಶಬ್ದ ದಿನವಿಡೀ, ಡೀಸೆಲ್ ದಂಡ, ವಾಟರ್ ಪಂಪ್ ಬೇರಿಂಗಿಗೂ ಬೆಲ್ಟಿಗೂ ಭಾರ. ಮೊದಲು ಆ ಕಸ ತೆಗೆಯಿರಿ. ಬಿಚ್ಚಿದ ಹಳೆಯ ಕ್ಲಚ್ ಕೈಯಲ್ಲಿ ತಿರುಗಿಸಿದಾಗ ಸ್ವಲ್ಪ ಬಿಗಿಯಾಗಿ ತಿರುಗಿದರೆ ಗುಜರಿಗೆ ಹಾಕಬೇಡಿ. ಗಾಡಿಯಲ್ಲಿ ಇದ್ದ ಹಾಗೆಯೇ ನೆಟ್ಟಗೆ ನಿಲ್ಲಿಸಿ ಇಡಿ, ಮಲಗಿಸಿದರೆ ಎಣ್ಣೆ ಸೋರಬಹುದು.