ಗೋಡೆಯ ಕ್ಯಾಲೆಂಡರಿನಿಂದ ಪ್ಲೇ ಸ್ಟೋರ್‌ಗೆ

"ತಮಾ, ಹಿಂದಿನ ಮದ್ದು ಯಾವಾಗ ಹೊಡ್ಸಿದ್ದು?" ಮಳೆಗಾಲದಲ್ಲಿ ಅಪ್ಪಯ್ಯ ಕೇಳುವ ಈ ಪ್ರಶ್ನೆಯಿಂದಲೇ ನನ್ನ ಆ್ಯಪ್ ಹುಟ್ಟಿದ್ದು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ 40–45 ದಿನಕ್ಕೊಮ್ಮೆ ಬೀಳಬೇಕು. ಒಂದು ವರ್ಷ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದು ಥಂಡಿಗೆ ಅಳಿಸಿಹೋಗಿ, ಮದ್ದಿನ ದಿನ ತಪ್ಪಿತು. ಉದುರಿದ ಅಡಿಕೆ ಹೆಕ್ಕುತ್ತ ಆಯಿ ಮಾತೇ ಆಡಲಿಲ್ಲ.

ಆ್ಯಪ್‌ಗೆ ಎರಡೇ ಕೆಲಸ. ಮದ್ದು ಹೊಡೆದ ದಿನ ನೆನಪಿಡುತ್ತದೆ; ಮೈಲುತುತ್ತ, ಸುಣ್ಣದ ಲೆಕ್ಕ ಕೊಡುತ್ತದೆ. ಶೇ 1ರ ದ್ರಾವಣವಾದರೆ 100 ಲೀಟರ್ ನೀರಿಗೆ ತಲಾ 1 ಕೆ.ಜಿ. ಶಿರಸಿ ಕಡೆಯ ನಮ್ಮ ತೋಟದ ತಗ್ಗಿನಲ್ಲಿ ನೆಟ್‌ವರ್ಕ್ ಸಿಗದು, ಹಾಗಾಗಿ ಎಲ್ಲವೂ ಫೋನಿನೊಳಗೇ. ಸರ್ವರ್ ಖರ್ಚಿಲ್ಲದ್ದರಿಂದಲೇ ಉಚಿತವಾಗಿ ಕೊಡಲು ಸಾಧ್ಯವಾಯಿತು.

ಪ್ಲೇ ಸ್ಟೋರ್ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಿದೆ. ಹೊಸ ವೈಯಕ್ತಿಕ ಖಾತೆ, ಹಾಗಾಗಿ ಬಿಡುಗಡೆಗೆ ಮೊದಲು 12 ಜನ ಸತತ 14 ದಿನ ಪರೀಕ್ಷಿಸಬೇಕಿತ್ತು. ಊರಿನ ಮನೆಮನೆಗೆ ಹೋಗಿ, ಕವಳ (ಎಲೆ-ಅಡಿಕೆ) ಹಾಕುತ್ತ ಕೂತು, ಒಬ್ಬೊಬ್ಬರ ಫೋನಿಗೂ ಹಾಕಿಕೊಟ್ಟೆ. ಮರ ಹತ್ತಿ ಮದ್ದು ಹೊಡೆಯುವ ನಮ್ಮ ಕೊನೆಗೌಡ ಆ್ಯಪಿನ ಗುಂಡಿ (ಬಟನ್) ನೋಡಿ, "ಗುಂಡಿ ದೊಡ್ಡದು ಮಾಡಿ ಹೆಗಡೇರೆ, ಕೈ ಒದ್ದೆ ಇರ್ತದೆ" ಅಂದ. ಅಷ್ಟು ಉಪಯೋಗದ ಸಲಹೆ ಬೇರೆ ಯಾರೂ ಕೊಡಲಿಲ್ಲ. ಅಂದೇ ರಾತ್ರಿ ಬದಲಿಸಿದೆ.

ಈಗ ಪ್ರತಿವರ್ಷ ಹೊಸ ಆಂಡ್ರಾಯ್ಡ್‌ಗೆ ಹೊಂದಿಸುವ ಕೆಲಸ. ಅಡಿಕೆ ಕೊಯ್ಲು ಮುಗಿದ ಮೇಲಿನ ಎರಡು ವಾರ ಅದಕ್ಕೇ ಮೀಸಲು.