ಕೀಟೊದ ತೆಳುಗಾಳಿ ಮತ್ತು ಎಚ್‌ಸಿಜೆಬಿ ಬಾನುಲಿ

25 ಡಿಸೆಂಬರ್ 2024, ಬುಧವಾರ

ಎಕ್ವಡಾರ್ ದೇಶದ ರಾಜಧಾನಿ ಕೀಟೊದಲ್ಲಿ ಎಚ್‌ಸಿಜೆಬಿ ಎಂಬ ಕ್ರೈಸ್ತ ಬಾನುಲಿ ಮೊದಲು ದನಿ ತೆಗೆದದ್ದು 1931ರ ಕ್ರಿಸ್‌ಮಸ್ ದಿನ. 2024ಕ್ಕೆ 93 ವರ್ಷ. ಕ್ಲಾರೆನ್ಸ್ ಜೋನ್ಸ್, ರೂಬೆನ್ ಲಾರ್ಸನ್ ಮತ್ತು ಜೊತೆಗಾರರು ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ನೀಲಗಿರಿ ಮರದ ಕಂಬಗಳ ನಡುವೆ ತಂತಿ ಎಳೆದು ಶುರುಮಾಡಿದರು. ಆಗ ಇಡೀ ಊರಲ್ಲಿ ರೇಡಿಯೊ ಸೆಟ್‌ಗಳು ಬೆರಳೆಣಿಕೆಯಷ್ಟು.

ಬೆಟ್ಟ ಬೇಡ, ಸಮಭಾಜಕ ವೃತ್ತದ ಹತ್ತಿರವಂತೂ ಬೇಡವೇ ಬೇಡ ಎಂದು ತಂತ್ರಜ್ಞರು ಮೊದಲೇ ಎಚ್ಚರಿಸಿದ್ದರು. ಕೀಟೊದಲ್ಲಿ ಎರಡೂ ಇದ್ದವು. ಆದರೆ ಶಾರ್ಟ್‌ವೇವ್‌ಗೆ ಆ ಜಾಗವೇ ಒಳ್ಳೆಯದಾಯಿತು. ಧ್ರುವಗಳ ಸುತ್ತ ಅಯಾನುಗೋಳ, ಎಂದರೆ ಈ ಅಲೆಗಳನ್ನು ಬಾಗಿಸಿ ನೆಲಕ್ಕೆ ಮರಳಿಸುವ ಮೇಲುಗಾಳಿಯ ಪದರ, ಆಗಾಗ ಕದಡಿ ಸಂಕೇತವನ್ನು ನುಂಗಿಬಿಡುತ್ತದೆ. ಕೀಟೊದಿಂದ ಉತ್ತರ, ದಕ್ಷಿಣ ಅಮೆರಿಕಗಳಿಗೆ ಹೊರಟ ಅಲೆಗೆ ಆ ಪಟ್ಟಿ ಅಡ್ಡ ಬರುವುದೇ ಅಪರೂಪ. ಸೂರ್ಯ ಮುಳುಗಿದ ಮೇಲೆ ಸಮಭಾಜಕದ ಮೇಲಿನ ಅಯಾನುಗೋಳ ತೇಪೆತೇಪೆಯಾಗಿ ಒಡೆದು ದನಿ ನಡುಗುವುದುಂಟು. ಅದು ಅಲ್ಲಿನವರು ಸಹಿಸಬೇಕಾದ ತೊಂದರೆ.

ನಿಜವಾದ ಕಾಟ ಕೊಟ್ಟದ್ದು ಎತ್ತರ. ಕೀಟೊ ಸುಮಾರು 2,850 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿಗಿಂತ ಕಡಿಮೆ. ಗಾಳಿ ತೆಳುವಾದಷ್ಟೂ ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತದೆ. 1940ರಲ್ಲಿ 10 ಕಿಲೋವಾಟ್‌ನ ಟ್ರಾನ್ಸ್‌ಮಿಟರ್ ಬಂತು, ಅದರ ಶಕ್ತಿಯನ್ನು ಒಂದೇ ದಿಕ್ಕಿಗೆ ಹರಿಸಲು ನಾಲ್ಕು ಕಡ್ಡಿಗಳ ಬೀಮ್ ಆಂಟೆನಾ ಕೂರಿಸಿದರು. ಅಲೆಯುದ್ದದ ಅರ್ಧದಷ್ಟು ಉದ್ದದ ಇಂಥ ಕಡ್ಡಿಯಲ್ಲಿ ಕರೆಂಟ್ ನಡುವೆ ಹೆಚ್ಚು, ವೋಲ್ಟೇಜ್ ಎರಡೂ ತುದಿಗಳಲ್ಲಿ ಹೆಚ್ಚು. ರಾತ್ರಿ ಆ ತುದಿಗಳಲ್ಲಿ ಕರೋನಾ ಎಂಬ ವಿದ್ಯುತ್ ಹೊಳಪು ಎದ್ದು ಬೆಂಕಿಯ ಉಂಡೆಗಳಂತೆ ಉರಿಯಿತು. ಅಲ್ಯೂಮಿನಿಯಂ ಕರಗಿ ತೊಟ್ಟಿಕ್ಕಿತು. ತುದಿಗಳಿಗೆ ತಾಮ್ರದ ಗುಂಡು ಸಿಕ್ಕಿಸಿ ನೋಡಿದರು. ಮೊನಚು ಹೋದರೆ ಕರೋನಾ ತಗ್ಗುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ.

ಎಂಜಿನಿಯರ್ ಕ್ಲಾರೆನ್ಸ್ ಮೂರ್ 1942ರಲ್ಲಿ ಪೊಸೊರ್ಹಾ ಎಂಬ ಮೀನುಗಾರರ ಊರಿಗೆ ಬಿಡುವಿನಲ್ಲಿ ಹೋದಾಗ ಸುಮಾರು 45 ಕಿಲೋ ತೂಕದ ತಾಂತ್ರಿಕ ಪುಸ್ತಕಗಳನ್ನು ಹೊತ್ತೊಯ್ದರು. ತುದಿಯೇ ತೊಂದರೆಯಾದರೆ ತುದಿಯೇ ಇಲ್ಲದ ಆಂಟೆನಾ ಏಕಾಗಬಾರದು ಎಂಬುದು ಅಲ್ಲಿ ಹೊಳೆದ ದಾರಿ. ಮಡಿಸಿದ ಡೈಪೋಲನ್ನು, ಎಂದರೆ ತುದಿಗಳನ್ನು ಕೂಡಿಸಿದ ಜೋಡಿ ತಂತಿಯ ಆಂಟೆನಾವನ್ನು, ಅಗಲಿಸಿ ಎಳೆದರೆ ಒಂದು ಪೂರ್ಣ ಅಲೆಯುದ್ದದ ಸುತ್ತಳತೆಯ ಚೌಕ ಸಿಗುತ್ತದೆ. ಇಂಥ ಎರಡು ಚೌಕಗಳನ್ನು ಹಿಂದೆ ಮುಂದೆ ನಿಲ್ಲಿಸಿದ್ದೇ ಕ್ಯೂಬಿಕಲ್ ಕ್ವಾಡ್. ಚೌಕದಲ್ಲೂ ವೋಲ್ಟೇಜ್ ಏರುವ ಎರಡು ಜಾಗ ಇದ್ದೇ ಇರುತ್ತವೆ, ಆದರೆ ಅಲ್ಲಿ ಬಿಚ್ಚಿದ ಕೊನೆಯಿಲ್ಲ. ಕೀಟೊದಲ್ಲಿ ಕರೋನಾ ಅಡಗಿತು. 1951ರಲ್ಲಿ ಮೂರ್ ಅವರಿಗೆ ಪೇಟೆಂಟ್ ಸಿಕ್ಕಿತು.

ಹವ್ಯಾಸಿ ರೇಡಿಯೊದವರು ಇಂದಿಗೂ ಇದನ್ನು ಕಟ್ಟುತ್ತಾರೆ, ಆದ್ದರಿಂದ ಲೆಕ್ಕ ಬರೆದಿಡುವುದು ಒಳ್ಳೆಯದು. ಸಂಕೇತ ಕೊಡುವ ಚೌಕಕ್ಕೆ 306ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತಂತಿಯ ಒಟ್ಟು ಉದ್ದ ಮೀಟರ್‌ನಲ್ಲಿ ಸಿಗುತ್ತದೆ. ಅಲೆಯನ್ನು ಮುಂದಕ್ಕೆ ತಿರುಗಿಸುವ ಹಿಂದಿನ ಚೌಕಕ್ಕೆ, ಎಂದರೆ ಪ್ರತಿಫಲಕಕ್ಕೆ, 314. ಎಂದರೆ 14.2 ಮೆಗಾಹರ್ಟ್ಸ್‌ಗೆ ಕ್ರಮವಾಗಿ 21.55 ಮತ್ತು 22.1 ಮೀಟರ್. ಚೌಕಗಳ ನಡುವೆ 3ರಿಂದ 4 ಮೀಟರ್ ಅಂತರ, ನಡುವಿನಿಂದ ಮೂಲೆಗೆ ಚಾಚುವ ಬಿದಿರಿನ ಗಳು ಸುಮಾರು 4 ಮೀಟರ್. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಉದ್ದವನ್ನು ಶೇ. 2ರಿಂದ 3ರಷ್ಟು ಕಡಿಮೆ ಮಾಡಬೇಕು, ಇಲ್ಲದಿದ್ದರೆ ಆಂಟೆನಾ ಅನುರಣಿಸುವ ಆವರ್ತನ ಕೆಳಗೆ ಜಾರುತ್ತದೆ. ಚೌಕವನ್ನು ನೇರವಾಗಿ ನಿಲ್ಲಿಸಿ ಕೆಳಬದಿಯ ನಡುವಿನಿಂದ ಸಂಕೇತ ಕೊಟ್ಟರೆ ವೋಲ್ಟೇಜ್ ಏರುವುದು ಲಂಬ ಬದಿಗಳ ಮಧ್ಯದಲ್ಲಿ, ಗಳುಗಳಿಂದ ದೂರ. ಅದನ್ನೇ ವಜ್ರದಾಕಾರಕ್ಕೆ ತಿರುಗಿಸಿ ಕೆಳಮೂಲೆಯಿಂದ ಕೊಟ್ಟರೆ ಆ ಜಾಗ ಎಡಬಲದ ಗಳುಗಳ ತುದಿಗೇ ಬಂದು ಕೂರುತ್ತದೆ. ಮಳೆಯಲ್ಲಿ ನೆನೆದ ಬಿದಿರು ಅಲ್ಲಿ ಸೋರಿಕೆ ಮಾಡುತ್ತದೆ, ಶಕ್ತಿ ಹೆಚ್ಚಿದ್ದರೆ ಸುಟ್ಟೂ ಹೋಗುತ್ತದೆ. ನಮ್ಮ ಮಲೆನಾಡಿನ ಬಿದಿರು ಈ ಕೆಲಸಕ್ಕೆ ಒಗ್ಗುತ್ತದೆ, ಆದರೆ ಚೆನ್ನಾಗಿ ಒಣಗಿಸಿ ವಾರ್ನಿಷ್ ಹಚ್ಚದಿದ್ದರೆ ಕುಟ್ಟೆ ಹುಳು ಬಿಡುವುದಿಲ್ಲ.

ಕಾರ್ಯಕ್ರಮಗಳ ಚರಿತ್ರೆಯನ್ನು ಆಂಟೆನಾದಿಂದ ಬೇರ್ಪಡಿಸಿ ಬರೆಯುವುದು ತಪ್ಪು ಎಂದೇ ನನ್ನ ಎಣಿಕೆ. ಶುರುವಿನಲ್ಲಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್. ಮುಂದೆ ಬೆಟ್ಟದ ಜನರ ಕಿಚ್ವಾ. ದೂರಕ್ಕೆ ದನಿ ಮುಟ್ಟತೊಡಗಿದ ಮೇಲೆ 1941ರಲ್ಲಿ ರಷ್ಯನ್, 1964ರಲ್ಲಿ ಜಪಾನಿ ಸೇರಿದವು. ಜಪಾನಿ ಪ್ರಸಾರ 2000ದವರೆಗೆ ನಡೆಯಿತು. 1961ರಲ್ಲಿ ಶುರುವಾದ ಡಿಎಕ್ಸ್ ಪಾರ್ಟಿಲೈನ್ ದೂರದ ಕೇಂದ್ರಗಳನ್ನು ಹುಡುಕಿ ಕೇಳುವವರಿಗೆಂದೇ ಇದ್ದ ಕಾರ್ಯಕ್ರಮ. ಧರ್ಮಬೋಧೆಯ ಕೇಂದ್ರವೊಂದು ಅಲೆಗಳ ವಿಜ್ಞಾನಕ್ಕೆ ಇಷ್ಟು ಸಮಯ ಮೀಸಲಿಟ್ಟದ್ದು ಬಹಳ ದೊಡ್ಡ ಮಾತು.

ವೇಳಾಪಟ್ಟಿ ಮಾಡುವವರು ಗಮನಿಸುವುದು ಕೇಳುಗರ ಊರಿನ ಗಡಿಯಾರವನ್ನು. ಕೀಟೊದಲ್ಲಿ ಬೆಳಗಿನ 6 ಗಂಟೆಯಾದಾಗ ಟೋಕಿಯೊದಲ್ಲಿ ರಾತ್ರಿ 8. ಹಾದಿಯ ಹೆಚ್ಚು ಪಾಲು ಕತ್ತಲಲ್ಲಿದ್ದರೆ 49 ಅಥವಾ 31 ಮೀಟರ್ ಅಲೆಯುದ್ದದ ಬ್ಯಾಂಡ್, ಬಿಸಿಲಲ್ಲಿದ್ದರೆ 19 ಅಥವಾ 16. ಋತು ಬದಲಾದಂತೆ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ ಪಟ್ಟಿಯೂ ಬದಲಾಗಬೇಕು. ಇದರಲ್ಲಿ ಎಡವಿದರೆ ಎಷ್ಟೇ ಒಳ್ಳೆಯ ಕಾರ್ಯಕ್ರಮವಾದರೂ ಯಾರ ಕಿವಿಗೂ ಬೀಳುವುದಿಲ್ಲ.

1981ರಲ್ಲಿ ಕೀಟೊ ಹತ್ತಿರದ ಪೀಫೊ ಎಂಬಲ್ಲಿ ಅವರದೇ ಎಂಜಿನಿಯರ್‌ಗಳು ರೂಪಿಸಿದ 500 ಕಿಲೋವಾಟ್ ಟ್ರಾನ್ಸ್‌ಮಿಟರ್ ಎದ್ದಿತು. ಇಷ್ಟು ಶಕ್ತಿಯ ಎಎಂ ಪ್ರಸಾರ, ದನಿಯನ್ನು ಅಲೆಯ ಮೇಲೆ ಪೂರ್ತಿ ಏರಿಸಿದಾಗ, ಎಂದರೆ ಪೂರ್ಣ ಮಾಡ್ಯುಲೇಷನ್‌ನಲ್ಲಿ 750 ಕಿಲೋವಾಟ್ ಹೊರಹಾಕುತ್ತದೆ, ಒಳಗೆ ಒಂದು ಮೆಗಾವಾಟ್‌ಗೂ ಹೆಚ್ಚು ವಿದ್ಯುತ್ ಬೇಡುತ್ತದೆ. ಅದಕ್ಕಾಗಿ ಪಾಪಲ್ಯಾಕ್ತದ ನೀರಿನಿಂದ ತಮ್ಮದೇ ಜಲವಿದ್ಯುತ್ ಮಾಡಿಕೊಂಡಿದ್ದರು.

ಪೀಫೊ ಮುಚ್ಚಿದ್ದಕ್ಕೆ ಕಾರಣ ಕೀಟೊದ ಹೊಸ ವಿಮಾನ ನಿಲ್ದಾಣ. ಆಂಟೆನಾ ಗೋಪುರಗಳು ಅದಕ್ಕೆ ಅಡ್ಡವಾಗುತ್ತಿದ್ದವು. 2009ರ ಸೆಪ್ಟೆಂಬರ್ 30ರಂದು ಅಲ್ಲಿಂದ ಶಾರ್ಟ್‌ವೇವ್ ನಿಂತಿತು. ಅಷ್ಟರಲ್ಲಿ ಆಸ್ಟ್ರೇಲಿಯಾದ ಕುನುನರಾದಿಂದ 2003ರಲ್ಲೇ ಏಷ್ಯಾದ ಕಡೆಗೆ ಪ್ರಸಾರ ಆರಂಭವಾಗಿತ್ತು. ಕೀಟೊದಲ್ಲಿ ಊರಿನವರಿಗಾಗಿ ಉಳಿದದ್ದು ಎಫ್‌ಎಂ 89.3 ಮೆಗಾಹರ್ಟ್ಸ್ ಮತ್ತು ಮಧ್ಯಮ ತರಂಗದ 690 ಕಿಲೋಹರ್ಟ್ಸ್.